ಓದುಗರ ಪ್ರಶ್ನೆ, ಅಂಕಣದ ಉತ್ತರ: ಒಡೆದ ನಾಡು ಮತ್ತೆ ಕೂಡಬಲ್ಲದೇ?

ಕಳೆದ ಎರಡು ತಿಂಗಳಲ್ಲಿ ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಚಿಂತೆಯನ್ನು ಬೇರೆ ಬೇರೆ ಮಾತುಗಳಲ್ಲಿ ತೋಡಿಕೊಂಡಿದ್ದವು. ಆದ್ದರಿಂದ ಈ ಸಲದ ಪುಟಗಳನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ. ಬರೆದವರ ಹೆಸರುಗಳನ್ನು ಅವರ ಕೋರಿಕೆಯಂತೆ ಬಿಟ್ಟು ಊರನ್ನಷ್ಟೇ ಕೊಟ್ಟಿದೆ.

ಪ್ರಶ್ನೆ: ನಾನು ನಿವೃತ್ತ ಅಂಚೆ ನೌಕರ. ದಿನವೂ ಪತ್ರಿಕೆ ಓದುತ್ತೇನೆ. ಎಷ್ಟೋ ದೇಶಗಳಲ್ಲಿ ಅರ್ಧ ಜನ ಇನ್ನರ್ಧ ಜನರನ್ನು ವೈರಿಗಳೆಂದೇ ಕಾಣುತ್ತಿದ್ದಾರೆ. ಚುನಾವಣೆ ಮುಗಿದರೂ ಜಗಳ ಮುಗಿಯುವುದಿಲ್ಲ. ಇಷ್ಟು ಒಡೆದ ಮೇಲೆ ಒಂದು ದೇಶ ಯುದ್ಧವಿಲ್ಲದೆ ಮತ್ತೆ ಕೂಡಿದ ಉದಾಹರಣೆ ಇದೆಯೇ? (ಓದುಗರು, ಗದಗ-ಬೆಟಗೇರಿ)

ಉತ್ತರ: ಇದೆ. ಆದರೆ ನೀವು ಬಳಸಿದ ‘ಕೂಡುವುದು’ ಎಂಬ ಮಾತನ್ನು ಮೊದಲು ಬಿಡಿಸಿಕೊಳ್ಳೋಣ. ಅದನ್ನು ಬಿಡಿಸಿಕೊಳ್ಳದೆ ಹೋದರೆ ಉದಾಹರಣೆಗಳೆಲ್ಲ ನಮಗೆ ಪವಾಡದ ಕತೆಗಳಂತೆ ಕಾಣುತ್ತವೆ.

ಹಾವೇರಿ ಜಿಲ್ಲೆಯ ನನ್ನ ತಂದೆಯ ಊರಿನಲ್ಲಿ ನಮ್ಮ ಹೊಲಕ್ಕೆ ಹೊಂದಿಕೊಂಡು ಅಣ್ಣತಮ್ಮಂದಿರಿಬ್ಬರ ಹೊಲಗಳಿದ್ದವು. ವಾಟ್ನಿಯಾದಾಗ ಹೊಲದ ನಡುವೆ ಬದು ಬಿತ್ತು, ಮನೆಯ ನಡುವೆ ಗೋಡೆ ಎದ್ದಿತು, ದನಗಳು ಹಂಚಿಹೋದವು. ಹಂಚಲಾಗದೆ ಉಳಿದದ್ದು ಬಾವಿ ಒಂದೇ. ಅವರಿಬ್ಬರೂ ಹನ್ನೊಂದು ವರ್ಷ ಮಾತು ಬಿಟ್ಟಿದ್ದರು. ಒಬ್ಬರ ಮನೆಯ ಮದುವೆಗೆ ಇನ್ನೊಬ್ಬರು ಕಾಲಿಡಲಿಲ್ಲ. ಆದರೆ ನೀರಿನ ಪಾಳಿ ಒಂದು ದಿನವೂ ತಪ್ಪಲಿಲ್ಲ. ಪಂಪಿನ ಸ್ಟಾರ್ಟರ್ ಪೆಟ್ಟಿಗೆಯ ಕೀಲಿ ಬಾವಿಯ ದಂಡೆಯ ಬೇವಿನ ಮರಕ್ಕೆ ಹೊಡೆದ ಮೊಳೆಯ ಮೇಲೆ ತೂಗುತ್ತಿತ್ತು. ವಾರದ ಮೊದಲ ಮೂರು ದಿನ ಅಣ್ಣನ ಪಾಳಿ, ಮುಂದಿನ ಮೂರು ದಿನ ತಮ್ಮನ ಪಾಳಿ, ರವಿವಾರ ಬಾವಿಗೆ ಬಿಡುವು. ನಾನು ಹುಡುಗನಿದ್ದಾಗ ಒಮ್ಮೆ ಆ ತಮ್ಮನನ್ನು, ಇಷ್ಟು ಸಿಟ್ಟು ಇಟ್ಟುಕೊಂಡು ಪಾಳಿ ಹೇಗೆ ನಡೆಸುತ್ತೀರಿ ಎಂದು ಕೇಳಿದ್ದೆ. “ಅಂವ ನನ್ನ ಕೂಡ ಮಾತಾಡೂದು ಬ್ಯಾಡ, ಕೀಲಿ ಹೊಳ್ಳಿ ಮೊಳಿಗೆ ಹಾಕಿದ್ರ ಸಾಕು” ಎಂದಿದ್ದರು.

ರಾಷ್ಟ್ರಗಳ ರಾಜಿಯೂ ಬಹುಮಟ್ಟಿಗೆ ಇಂಥದ್ದೇ. ಮನಸ್ಸುಗಳು ಒಂದಾದ ಮೇಲೆ ರಾಜಿ ಮಾಡಿಕೊಳ್ಳೋಣ ಎಂದು ಕಾದ ದೇಶ ಯಾವುದೂ ರಾಜಿಯಾಗಿಲ್ಲ. ಇಂದು ಕೀಲಿ ನನ್ನ ಕೈಯಲ್ಲಿಲ್ಲದಿದ್ದರೂ ನಾಳೆ ನನ್ನ ಪಾಳಿ ಬಂದೇ ಬರುತ್ತದೆ ಎಂಬ ನಂಬಿಕೆ ಎರಡೂ ಕಡೆಯವರಿಗೆ ಹುಟ್ಟಿದಾಗ ಮಾತ್ರ ಜನ ಕತ್ತಿಯನ್ನು ಕೆಳಗಿಡುತ್ತಾರೆ. ಒಮ್ಮೆ ಸೋತರೆ ಎಂದೆಂದಿಗೂ ಸೋತಂತೆ ಎಂಬ ಭಯ ಇರುವವರೆಗೆ ಯಾವ ಉಪದೇಶವೂ ಅವರ ಕಿವಿಗೆ ಬೀಳುವುದಿಲ್ಲ.

ದಕ್ಷಿಣ ಆಫ್ರಿಕಾವನ್ನೇ ನೋಡಿ. ಬಿಳಿಯರಷ್ಟೇ ಆಳುತ್ತಿದ್ದ ಆ ದೇಶದಲ್ಲಿ ಕಪ್ಪುಜನರ ಹಕ್ಕಿಗಾಗಿ ಹೋರಾಡಿ 27 ವರ್ಷ ಸೆರೆಯಲ್ಲಿದ್ದ ನೆಲ್ಸನ್ ಮಂಡೇಲಾ 1990ರ ಫೆಬ್ರುವರಿ 11ರಂದು ಬಿಡುಗಡೆಯಾದರು. 1994ರ ಏಪ್ರಿಲ್ ಕೊನೆಯಲ್ಲಿ ಎಲ್ಲ ಬಣ್ಣದ ಜನರೂ ಒಂದೇ ಸಾಲಿನಲ್ಲಿ ನಿಂತು ಮತ ಹಾಕಿದರು. ನಡುವಿನ ನಾಲ್ಕು ವರ್ಷಗಳನ್ನು ಶಾಂತಿಯ ಕಾಲವೆಂದು ಕರೆದರೆ ಸತ್ತವರಿಗೆ ಅನ್ಯಾಯವಾಗುತ್ತದೆ, ಏಕೆಂದರೆ ಆ ಅವಧಿಯ ರಾಜಕೀಯ ಹಿಂಸೆಯಲ್ಲಿ ಸಾವಿರಾರು ಜನ ಪ್ರಾಣ ಕಳೆದುಕೊಂಡರು, ಮಾತುಕತೆಗಳು ಮುರಿದು ಬಿದ್ದು ಮತ್ತೆ ಕೂಡಿದವು. 1993ರ ಏಪ್ರಿಲ್ 10ರಂದು ಕಪ್ಪುಜನರ ಮೆಚ್ಚಿನ ನಾಯಕ ಕ್ರಿಸ್ ಹಾನಿಯವರನ್ನು ಅವರ ಮನೆಯ ಅಂಗಳದಲ್ಲೇ ಬಿಳಿಯನೊಬ್ಬ ಗುಂಡಿಟ್ಟು ಕೊಂದ. ದೇಶ ಹೊತ್ತಿ ಉರಿಯಲು ಅಷ್ಟು ಸಾಕಿತ್ತು. ಆದರೆ ಕೊಲೆಗಾರನ ಕಾರಿನ ಸಂಖ್ಯೆಯನ್ನು ಗುರುತಿಟ್ಟುಕೊಂಡು ಪೊಲೀಸರಿಗೆ ತಿಳಿಸಿದ್ದು ನೆರೆಮನೆಯ ಬಿಳಿಯ ಹೆಣ್ಣುಮಗಳು. ಮಂಡೇಲಾ ದೂರದರ್ಶನದಲ್ಲಿ ಜನರನ್ನು ಉದ್ದೇಶಿಸಿ ಮಾತನಾಡುವಾಗ ಈ ಎರಡನ್ನೂ ಒಟ್ಟಿಗೆ ಹೇಳಿದರು: ಕೊಂದವನು ಬಿಳಿಯ, ಅವನನ್ನು ಹಿಡಿದುಕೊಟ್ಟವಳೂ ಬಿಳಿಯಳು. ಆಗಿನ್ನೂ ಅವರಿಗೆ ಯಾವ ಅಧಿಕಾರವೂ ಇರಲಿಲ್ಲ. ಆದರೂ ಒಂದು ಇಡೀ ಜನಾಂಗವನ್ನು ಒಬ್ಬ ಕೊಲೆಗಾರನ ಲೆಕ್ಕಕ್ಕೆ ಬರೆಯಲು ಅವರು ಬಿಡಲಿಲ್ಲ.

ಈ ದೊಡ್ಡತನವನ್ನು ಎಲ್ಲರೂ ನೆನೆಯುತ್ತಾರೆ, ಅದರ ಹಿಂದಿದ್ದ ಲೆಕ್ಕಾಚಾರವನ್ನು ನೆನೆಯುವವರು ಕಡಿಮೆ. 1992ರಲ್ಲಿ ಮಂಡೇಲಾ ಅವರ ಜೊತೆಗಾರ, ಕಮ್ಯುನಿಸ್ಟ್ ನಾಯಕ ಜೋ ಸ್ಲೋವೊ ತಮ್ಮವರ ಮುಂದೆಯೇ ಒಂದು ಕಹಿ ಮಾತನ್ನು ಇಟ್ಟರು: ಗೆದ್ದರೂ ಮೊದಲ ಕೆಲವು ವರ್ಷ ಎದುರಾಳಿಗಳನ್ನು ಕೂಡಿಸಿಕೊಂಡೇ ಆಳಬೇಕು, ಹಳೆಯ ಸರಕಾರದ ನೌಕರರನ್ನು ಏಕಾಏಕಿ ಮನೆಗೆ ಕಳಿಸಬಾರದು. ಅದರಂತೆ ಮಧ್ಯಂತರ ಸಂವಿಧಾನದಲ್ಲಿ, 400 ಸ್ಥಾನಗಳ ಸಂಸತ್ತಿನಲ್ಲಿ 20 ಸ್ಥಾನ ಗೆದ್ದ ಪಕ್ಷಕ್ಕೂ ಸಂಪುಟದಲ್ಲಿ ಪಾಲು, 80 ಸ್ಥಾನ ಗೆದ್ದರೆ ಉಪಾಧ್ಯಕ್ಷ ಪದವಿ ಎಂದು ಬರೆಯಲಾಯಿತು. ಮಂಡೇಲಾ ಅವರ ಪಕ್ಷ 252 ಸ್ಥಾನ ಗೆದ್ದಿತು. 82 ಸ್ಥಾನಕ್ಕೆ ಇಳಿದ, ಅಲ್ಲಿಯವರೆಗೆ ದೇಶವನ್ನಾಳಿದ್ದ ಪಕ್ಷದ ಡಿ ಕ್ಲರ್ಕ್ ಉಪಾಧ್ಯಕ್ಷರಲ್ಲಿ ಒಬ್ಬರಾದರು. 1996ರಲ್ಲಿ ಅವರ ಪಕ್ಷ ತಾನಾಗಿಯೇ ಸರಕಾರದಿಂದ ಹೊರಬಂದು ವಿರೋಧ ಪಕ್ಷದಲ್ಲಿ ಕುಳಿತಿತು. ಅಷ್ಟರಲ್ಲಿ ಸೋಲು ಎಂದರೆ ಸಾವಲ್ಲ ಎಂಬುದು ಅವರಿಗೆ ಗೊತ್ತಾಗಿತ್ತು. ಭೂಮಿ ಮತ್ತು ಸಂಪತ್ತಿನ ಅಂತರ ಆ ದೇಶದಲ್ಲಿ ಇಂದಿಗೂ ಘೋರವಾಗಿದೆ, ಅದನ್ನು ನಾನು ಮರೆಮಾಚುವುದಿಲ್ಲ. ಆದರೆ ಎಲ್ಲರೂ ಖಚಿತವೆಂದುಕೊಂಡಿದ್ದ ಜನಾಂಗೀಯ ಯುದ್ಧ ನಡೆಯಲಿಲ್ಲ.

ಪ್ರಶ್ನೆ: ಹಳೆಯ ಗಾಯ ಕೆದಕಬಾರದು ಎಂದು ಹಿರಿಯರು ಹೇಳುತ್ತಾರೆ. ಆದರೆ ತಪ್ಪು ಮಾಡಿದವರು ತಪ್ಪೊಪ್ಪಿಕೊಳ್ಳದೆ ರಾಜಿ ಹೇಗಾದೀತು? ನಾನು ಪ್ರೌಢಶಾಲೆಯಲ್ಲಿ ಇತಿಹಾಸ ಕಲಿಸುತ್ತೇನೆ. ಮಕ್ಕಳು ಇದನ್ನು ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ. (ಶಿಕ್ಷಕಿ, ಶಿಗ್ಗಾವಿ)

ಉತ್ತರ: ನಿಮ್ಮ ವಿದ್ಯಾರ್ಥಿಗಳು ಕೇಳಿದ ಪ್ರಶ್ನೆಗೆ ದೇಶಗಳೂ ಒಂದೇ ಉತ್ತರ ಕೊಟ್ಟಿಲ್ಲ. ಎರಡು ದಾರಿಗಳನ್ನು ಅವರ ಮುಂದಿಡಬಹುದು.

ಮೊದಲನೆಯದು ಸ್ಪೇನಿನ ದಾರಿ. ಅಂತರ್ಯುದ್ಧದಲ್ಲಿ ಗೆದ್ದು ದಶಕಗಳ ಕಾಲ ಆಳಿದ ಸರ್ವಾಧಿಕಾರಿ ಫ್ರಾಂಕೊ 1975ರಲ್ಲಿ ತೀರಿಕೊಂಡ ಮೇಲೆ ಎಡದವರೂ ಬಲದವರೂ ಸೇರಿ, ಹಿಂದಿನದನ್ನು ಎತ್ತುವುದು ಬೇಡ ಎಂದು ಒಪ್ಪಿಕೊಂಡರು. 1977ರಲ್ಲಿ ಎಲ್ಲ ಕಡೆಯವರಿಗೂ ಕ್ಷಮಾದಾನ ನೀಡುವ ಕಾನೂನು ಬಂತು, 1978ರಲ್ಲಿ ಹೊಸ ಸಂವಿಧಾನ ಬಂತು, ಪ್ರಜಾಪ್ರಭುತ್ವ ಬೇರೂರಿತು. ಇದು ಸಣ್ಣ ಸಾಧನೆಯಲ್ಲ. ಆದರೆ ರಸ್ತೆ ಬದಿಯ ಕಂದಕಗಳಲ್ಲಿ ಹೂತುಹೋದ ಶವಗಳು ಹಾಗೆಯೇ ಉಳಿದಿದ್ದವು. 2000ದಿಂದ ಈಚೆಗೆ ಸತ್ತವರ ಮೊಮ್ಮಕ್ಕಳು ಆ ಗುಂಡಿಗಳನ್ನು ಅಗೆಸತೊಡಗಿದರು. 2007ರಲ್ಲಿ ಅದಕ್ಕಾಗಿ ಕಾನೂನು ಮಾಡಬೇಕಾಯಿತು. 2019ರಲ್ಲಿ ಫ್ರಾಂಕೊನ ಶವವನ್ನೇ ಅದರ ಭವ್ಯ ಸಮಾಧಿಯಿಂದ ಬೇರೆಡೆಗೆ ಸಾಗಿಸಬೇಕಾಯಿತು. ಮಕ್ಕಳು ಬಾಯಿಬಿಡದ ಮಾತನ್ನು ಮೊಮ್ಮಕ್ಕಳು ಆಡಿದರು. ಕೋರ್ಟಿನ ಭಾಷೆಯಲ್ಲಿ ಹೇಳುವುದಾದರೆ ನೆನಪಿನ ದಾವೆಗೆ ವಾಯಿದೆ ಸಿಕ್ಕಿತ್ತೇ ಹೊರತು ಅದು ವಜಾ ಆಗಿರಲಿಲ್ಲ.

ಎರಡನೆಯದು ದಕ್ಷಿಣ ಆಫ್ರಿಕಾದ ದಾರಿ. 1995ರ ಕಾನೂನಿನಂತೆ ಆರ್ಚ್‌ಬಿಷಪ್ ಡೆಸ್ಮಂಡ್ ಟುಟು ಅವರ ಅಧ್ಯಕ್ಷತೆಯಲ್ಲಿ ಸತ್ಯ ಮತ್ತು ಸಂಧಾನ ಆಯೋಗ ರಚನೆಯಾಯಿತು. 1996ರ ಏಪ್ರಿಲ್‌ನಲ್ಲಿ ಈಸ್ಟ್ ಲಂಡನ್ ಎಂಬ ಅಲ್ಲಿಯದೇ ಪಟ್ಟಣದ ಸಭಾಭವನದಲ್ಲಿ ಮೊದಲ ವಿಚಾರಣೆ ನಡೆಯಿತು. ಗಂಡನನ್ನು, ಮಗನನ್ನು ಕಳೆದುಕೊಂಡ ಹೆಂಗಸರು ತಮ್ಮ ತಮ್ಮ ಭಾಷೆಯಲ್ಲಿ ಹೇಳಿದರು. ಇಡೀ ದೇಶ ರೇಡಿಯೊದಲ್ಲಿ ಕೇಳಿತು. ಆ ಮೊದಲ ವಾರದಲ್ಲೇ ಚಿತ್ರಹಿಂಸೆಗೊಳಗಾದ ಮುದುಕರೊಬ್ಬರ ಮಾತು ಕೇಳುತ್ತ ಟುಟು ಮೇಜಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟರು. ಆಯೋಗದ ಮುಂದೆ 21,000ಕ್ಕೂ ಹೆಚ್ಚು ಬಲಿಪಶುಗಳ ಹೇಳಿಕೆಗಳು ದಾಖಲಾದವು. ಅನೇಕರು ಕೇಳಿದ್ದು ಬಹಳ ದೊಡ್ಡದೇನೂ ಅಲ್ಲ: ಮಗನ ಎಲುಬುಗಳು ಎಲ್ಲಿವೆ, ಗೋರಿಗೊಂದು ಕಲ್ಲು ಸಿಗಬಹುದೇ, ಉಳಿದ ಮಕ್ಕಳ ಶಾಲೆಯ ಫೀಗೆ ನೆರವಾಗುವಿರಾ.

ಅಲ್ಲಿ ಕ್ಷಮೆ ಪುಕ್ಕಟೆಯಾಗಿ ಸಿಗುತ್ತಿರಲಿಲ್ಲ ಎಂಬುದನ್ನು ಮಕ್ಕಳಿಗೆ ತಪ್ಪದೆ ಹೇಳಿರಿ. ರಾಜಕೀಯ ಕಾರಣಕ್ಕೆ ಮಾಡಿದ ಕೃತ್ಯವನ್ನು ಪೂರ್ತಿಯಾಗಿ ಬಿಚ್ಚಿ ಹೇಳಿದವನಿಗೆ ಮಾತ್ರ ಅದು ಸಿಗುತ್ತಿತ್ತು. ಏಳು ಸಾವಿರಕ್ಕೂ ಹೆಚ್ಚು ಜನ ಅರ್ಜಿ ಹಾಕಿದರು, ಸಿಕ್ಕಿದ್ದು 849 ಮಂದಿಗೆ. 1977ರಲ್ಲಿ ಪೊಲೀಸರ ವಶದಲ್ಲಿದ್ದಾಗ ಸತ್ತ ತರುಣ ಹೋರಾಟಗಾರ ಸ್ಟೀವ್ ಬಿಕೊ ಅವರ ಮನೆಯವರು, ಕ್ಷಮಾದಾನವೇ ಬೇಡ, ನಮಗೆ ನ್ಯಾಯ ಬೇಕು ಎಂದು ಕೋರ್ಟಿಗೆ ಹೋದರು ಮತ್ತು ಸೋತರು. ಅವರ ಸಿಟ್ಟು ನ್ಯಾಯವಾದುದೇ ಎಂದು ನಾನು ನಂಬುತ್ತೇನೆ. ಮುಂದೆ ಆ ಪೊಲೀಸರ ಅರ್ಜಿಗಳು ತಿರಸ್ಕೃತವಾದವು. ಆದರೂ ಅವರ ಮೇಲೆ ಮೊಕದ್ದಮೆ ನಡೆಯಲಿಲ್ಲ. ಪರಿಹಾರದ ವಿಷಯದಲ್ಲಿಯೂ ಸರಕಾರ ಕೈ ಬಿಗಿಹಿಡಿಯಿತು; 2003ರಲ್ಲಿ ಒಂದೇ ಸಲಕ್ಕೆ ತಲಾ 30,000 ರಾಂಡ್ ಎಂದು ಘೋಷಿಸಿತು, ಅದು ಆಯೋಗ ಸೂಚಿಸಿದ್ದಕ್ಕಿಂತ ಬಹಳ ಕಡಿಮೆ. ಸತ್ಯ ಹೇಳಿದವನು ಮನೆಗೆ ಹೋದ, ಸತ್ಯ ಕೇಳಿದ ತಾಯಿ ಅದೇ ತಗಡಿನ ಗುಡಿಸಿಲಿಗೆ ಮರಳಿದಳು. ಈ ಕೊರತೆಯನ್ನು ಆ ದೇಶ ಇನ್ನೂ ಅನುಭವಿಸುತ್ತಿದೆ.

ಎರಡರಲ್ಲಿ ನಾನು ಎರಡನೆಯ ದಾರಿಯನ್ನೇ ಆರಿಸುತ್ತೇನೆ, ಅಷ್ಟೆಲ್ಲ ಕೊರತೆಗಳಿದ್ದಾಗಲೂ. ಏಕೆಂದರೆ ಏನೂ ನಡೆದೇ ಇಲ್ಲ ಎಂದು ಹೇಳುವ ಬಾಯಿಗಳನ್ನು ಆ ದಾಖಲೆಗಳು ಮುಚ್ಚಿಸಿದವು.

ಪ್ರಶ್ನೆ: ಹುಬ್ಬಳ್ಳಿಯಲ್ಲಿ ಬಟ್ಟೆ ವ್ಯಾಪಾರ ಮಾಡುತ್ತೇನೆ. ನೀವು ಯಾವಾಗಲೂ ಪರದೇಶದ ಕತೆ ಹೇಳುತ್ತೀರಿ. ನಮ್ಮ ದೇಶದಲ್ಲಿ ಬಂದೂಕು ಹಿಡಿದವರು ರಾಜಿಯಾಗಿ ಕೂತದ್ದು ಉಂಟೇ? ನಮ್ಮ ಊರೇ ಒಂದು ಮೈದಾನಕ್ಕಾಗಿ ಹೊತ್ತಿ ಉರಿದದ್ದನ್ನು ನಾನು ಕಂಡಿದ್ದೇನೆ. (ವ್ಯಾಪಾರಿ, ಹುಬ್ಬಳ್ಳಿ)

ಉತ್ತರ: ನಿಮ್ಮ ದೂರು ಸರಿಯಾಗಿದೆ. ನಮ್ಮ ದೇಶದ ಅತ್ಯಂತ ಯಶಸ್ವಿ ರಾಜಿಯೊಂದು ಮಿಜೋರಂನಲ್ಲಿ ನಡೆದಿದೆ, ಆದರೆ ನಮ್ಮ ಪಠ್ಯಪುಸ್ತಕಗಳಲ್ಲಿ ಅದು ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ.

1959ರಲ್ಲಿ ಅಲ್ಲಿಯ ಬೆಟ್ಟಗಳಲ್ಲಿ ಬಿದಿರು ಹೂಬಿಟ್ಟಿತು. ಸುಮಾರು ಐವತ್ತು ವರ್ಷಕ್ಕೊಮ್ಮೆ ಹೀಗಾಗುತ್ತದೆ. ಬಿದಿರಕ್ಕಿ ತಿಂದು ಇಲಿಗಳು ಲೆಕ್ಕವಿಲ್ಲದಷ್ಟು ಹೆಚ್ಚುತ್ತವೆ, ಅದು ಮುಗಿದ ಮೇಲೆ ಹೊಲದ ಬೆಳೆಗೆ ಬೀಳುತ್ತವೆ. ಬರ ಬಂತು. ಮಿಜೊ ಬೆಟ್ಟ ಆಗ ಅಸ್ಸಾಮಿನ ಒಂದು ಜಿಲ್ಲೆ. ತಮ್ಮ ಹಸಿವಿಗೆ ಸರಕಾರ ಕಿವಿಗೊಡಲಿಲ್ಲ ಎಂಬ ನೋವು ಜನರಲ್ಲಿ ಉಳಿಯಿತು. ಬರಪರಿಹಾರಕ್ಕೆ ಹುಟ್ಟಿದ ಸಂಘಟನೆಯೇ 1961ರಲ್ಲಿ ಲಾಲ್‌ಡೆಂಗಾ ಅವರ ನಾಯಕತ್ವದಲ್ಲಿ ಮಿಜೊ ನ್ಯಾಷನಲ್ ಫ್ರಂಟ್ ಆಯಿತು, 1966ರ ಮಾರ್ಚ್ 1ರಂದು ಸ್ವಾತಂತ್ರ್ಯ ಘೋಷಿಸಿತು. ನಾಲ್ಕು ದಿನಗಳ ಬಳಿಕ, ಮಾರ್ಚ್ 5ರಂದು, ನಮ್ಮದೇ ವಾಯುಪಡೆ ಐಜ್ವಾಲ್ ಪಟ್ಟಣದ ಮೇಲೆ ದಾಳಿ ಮಾಡಿತು. ಮುಂದೆ ಹಳ್ಳಿಗಳನ್ನು ಖಾಲಿ ಮಾಡಿಸಿ ಜನರನ್ನು ರಸ್ತೆ ಬದಿಯ ಶಿಬಿರಗಳಿಗೆ ತಂದು ಹಾಕಲಾಯಿತು. ಇಷ್ಟೆಲ್ಲ ಆದ ಮೇಲೆ ರಾಜಿ ಸಾಧ್ಯವೆಂದು ಯಾರು ನಂಬಿಯಾರು?

ಇಪ್ಪತ್ತು ವರ್ಷ ಹಿಡಿಯಿತು. ಚರ್ಚಿನ ಹಿರಿಯರು ಎರಡೂ ಕಡೆಯ ಬಾಗಿಲು ತಟ್ಟುತ್ತಲೇ ಇದ್ದರು. 1986ರ ಜೂನ್ 30ರಂದು ಒಪ್ಪಂದಕ್ಕೆ ಸಹಿ ಬಿತ್ತು. ರಾಜ್ಯದ ಸ್ಥಾನಮಾನ, ಭೂಮಿ ಮತ್ತು ರೂಢಿಯ ಕಾನೂನುಗಳಿಗೆ ಸಂವಿಧಾನದ ರಕ್ಷಣೆ, ಕಾಡಿನಿಂದ ಬಂದವರಿಗೆ ಪುನರ್ವಸತಿ ಇವೆಲ್ಲ ಅದರಲ್ಲಿದ್ದವು. ಆದರೆ ನಾನು ತಲೆಬಾಗುವುದು ಒಪ್ಪಂದದ ಹಾಳೆಗಿಂತ ಹೆಚ್ಚಾಗಿ ಇನ್ನೊಂದು ನಡೆಗೆ. ಆಗ ಮುಖ್ಯಮಂತ್ರಿಯಾಗಿದ್ದ ಕಾಂಗ್ರೆಸ್ಸಿನ ಲಾಲ್ ಥನ್ಹಾವ್ಲ ಅವರು ಜನರಿಂದ ಆರಿಸಿ ಬಂದವರು, ಅವರ ಅವಧಿ ಮುಗಿದಿರಲಿಲ್ಲ. ಅವರು ಕುರ್ಚಿಯಿಂದ ಎದ್ದು ಲಾಲ್‌ಡೆಂಗಾ ಅವರನ್ನು ಅದರಲ್ಲಿ ಕೂಡಿಸಿ, ತಾವು ಉಪಮುಖ್ಯಮಂತ್ರಿಯಾದರು. ಕುರ್ಚಿಗಾಗಿ ನಡೆಯುವ ಗುದ್ದಾಟಗಳನ್ನು ದಿನವೂ ನೋಡುವ ನಮಗೆ ಇದು ಎಷ್ಟು ದೊಡ್ಡದೆಂದು ಬಿಡಿಸಿ ಹೇಳಬೇಕಿಲ್ಲ.

1987ರ ಫೆಬ್ರುವರಿ 20ರಂದು ಮಿಜೋರಂ ರಾಜ್ಯವಾಯಿತು. ಚುನಾವಣೆಯಲ್ಲಿ ಲಾಲ್‌ಡೆಂಗಾ ಗೆದ್ದರು. ಮರುವರ್ಷವೇ ಅವರ ಶಾಸಕರು ಪಕ್ಷಾಂತರ ಮಾಡಿ ಸರಕಾರ ಬಿತ್ತು. 1989ರ ಚುನಾವಣೆಯಲ್ಲಿ ಅವರು ಸೋತರು. ಒಪ್ಪಂದದ ನಿಜವಾದ ಪರೀಕ್ಷೆ ನಡೆದದ್ದು ಆಗ. ಇಪ್ಪತ್ತು ವರ್ಷ ಬಂದೂಕು ಹಿಡಿದಿದ್ದ ಪಕ್ಷ ಕಾಡಿಗೆ ಮರಳಲಿಲ್ಲ, ವಿರೋಧ ಪಕ್ಷದ ಬೆಂಚಿನಲ್ಲಿ ಕುಳಿತಿತು. ಲಾಲ್‌ಡೆಂಗಾ 1990ರಲ್ಲಿ ತೀರಿಕೊಂಡರು. 1998ರಲ್ಲಿ ಅವರ ಜೊತೆ ಕಾಡಿನಲ್ಲಿದ್ದ ಜೋರಂಥಾಂಗಾ ಮತಗಳಿಂದಲೇ ಮುಖ್ಯಮಂತ್ರಿಯಾದರು. ಬೇವಿನ ಮರದ ಮೊಳೆಗೆ ಕೀಲಿ ಮರಳಿ ಬಂದಿತ್ತು.

ಇನ್ನು ನೀವು ಕಂಡ ಹುಬ್ಬಳ್ಳಿ. ಈದ್ಗಾ ಮೈದಾನದ ವಿವಾದ 1994ರ ಆಗಸ್ಟ್ 15ರಂದು ಗೋಲಿಬಾರಿಗೆ ಹೋಗಿ ಜೀವಗಳು ಹೋದಾಗ ನಾನು ಹುಬ್ಬಳ್ಳಿಯ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದೆ. ಕರ್ಫ್ಯೂ ಸಡಿಲಿಸಿದ ಒಂದು ಬೆಳಿಗ್ಗೆ ದುರ್ಗದಬೈಲಿಗೆ ತರಕಾರಿಗೆಂದು ಹೋದಾಗ ಅರ್ಧ ಬಾಗಿಲು ತೆರೆದಿದ್ದ ಅಂಗಡಿಯಲ್ಲಿ ಇಬ್ಬರು ವ್ಯಾಪಾರಿಗಳು, ಎರಡು ಧರ್ಮದವರು, ಒಂದೇ ಉದ್ರಿ ಪುಸ್ತಕದ ಮೇಲೆ ಬಗ್ಗಿ ಕುಳಿತಿದ್ದರು. ಕಾಗದದ ಮೇಲೆ ಬೆರಳಾಡುತ್ತಿತ್ತು, ಮುಖಗಳಲ್ಲಿ ನಗೆ ಇರಲಿಲ್ಲ. ನಾನು ನಿಂತು ನೋಡಿದ್ದನ್ನು ಕಂಡು ಹಿರಿಯರು, “ಅವರ ಕಡೆ ನಂದು ಉದ್ರಿ ಐತ್ರೀ, ನನ್ನ ಕಡೆ ಅವರದೈತಿ. ಮಾರಿ ನೋಡಲಾರದ ಹೆಂಗ ನಡೀತೈತಿ?” ಎಂದರು. ಆ ವಿವಾದಕ್ಕೆ ಸುಪ್ರೀಂ ಕೋರ್ಟಿನ ತೀರ್ಪು ಬಂದದ್ದು 2010ರಲ್ಲಿ. ಅಲ್ಲಿಯವರೆಗಿನ ಹದಿನಾರು ವರ್ಷ ಊರನ್ನು ಹಿಡಿದು ನಿಲ್ಲಿಸಿದ್ದರಲ್ಲಿ ಇಂಥ ಪುಸ್ತಕಗಳ ಪಾಲೂ ಇದೆ. ನೀವೇ ವ್ಯಾಪಾರಿಗಳು, ಇದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು.

ಪ್ರಶ್ನೆ: ಹೊಂದಿಕೊಳ್ಳಲಾಗದಿದ್ದರೆ ಬೇರೆಯಾಗುವುದೇ ಮೇಲಲ್ಲವೇ? ಪ್ರತ್ಯೇಕ ಉತ್ತರ ಕರ್ನಾಟಕದ ಬಗ್ಗೆಯೂ ನಿಮ್ಮ ಅಭಿಪ್ರಾಯ ತಿಳಿಸಿ. (ವಿದ್ಯಾರ್ಥಿ, ರಾಣೆಬೆನ್ನೂರು)

ಉತ್ತರ: 1993ರ ಜನವರಿ 1ರಂದು ಜೆಕೊಸ್ಲೊವಾಕಿಯ ಒಂದು ಹನಿ ರಕ್ತವಿಲ್ಲದೆ ಎರಡಾಯಿತು. ಆದರೆ ಅಲ್ಲಿ ಜೆಕ್ ಜನ ಮತ್ತು ಸ್ಲೊವಾಕ್ ಜನ ಬಹುಪಾಲು ತಮ್ಮ ತಮ್ಮ ಸೀಮೆಯಲ್ಲೇ ಇದ್ದರು, ಗಡಿ ಮೊದಲೇ ಇತ್ತು. ಜನ ಒಂದೇ ಓಣಿಯಲ್ಲಿ ಬೆರೆತಿರುವಲ್ಲಿ ಗೆರೆ ಎಳೆದರೆ ಏನಾಗುತ್ತದೆ ಎಂಬುದಕ್ಕೆ 1947 ಸಾಕ್ಷಿ. ಗಡಿಯ ನಕ್ಷೆ ಪ್ರಕಟವಾದದ್ದು ಸ್ವಾತಂತ್ರ್ಯ ಬಂದ ಎರಡು ದಿನಗಳ ಮೇಲೆ, ಆಗಸ್ಟ್ 17ರಂದು, ಒಂದು ಕೋಟಿಗೂ ಹೆಚ್ಚು ಜನ ಮನೆಮಾರು ಬಿಟ್ಟು ನಡೆದರು.

ನಮ್ಮ ನಾಡಿನ ಮಾತು ಅಷ್ಟು ಭೀಕರವಾದುದಲ್ಲ, ಆದರೂ ಅದಕ್ಕೂ ಪಾಲಿನ ಪ್ರಶ್ನೆಯೇ ಮೂಲ. 1956ರ ಏಕೀಕರಣಕ್ಕೆ ಮುಂಚೆ ಹಳೇ ಮೈಸೂರಿನ ಹಲವರು ತಾವು ಹೊಸ ರಾಜ್ಯದಲ್ಲಿ ಕೈಲಾಗದವರಾಗುತ್ತೇವೆಂದು ಅಂಜಿದ್ದರು. ಏಕೀಕರಣದ ನಂತರ ಅಂಜಿಕೆ ನಮ್ಮ ಕಡೆ ಬಂತು. ಧಾರವಾಡಕ್ಕೆ ಹೈಕೋರ್ಟ್ ಪೀಠ ಬೇಕೆಂದು ಇಲ್ಲಿಯ ವಕೀಲರು ವರ್ಷಗಟ್ಟಲೆ ಹೋರಾಡಿದರು. 2008ರಲ್ಲಿ ಸಂಚಾರಿ ಪೀಠ ಬಂತು, 2013ರಲ್ಲಿ ಅದು ಕಾಯಂ ಆಯಿತು. ಇಂದು ಒಬ್ಬ ರೈತ ಜಮೀನಿನ ಮೊಕದ್ದಮೆಗೆ ರಾತ್ರಿ ಬಸ್ಸು ಹಿಡಿದು ಬೆಂಗಳೂರಿಗೆ ಹೋಗಬೇಕಾಗಿಲ್ಲ. ಇಂಥ ಪಾಲುಗಳನ್ನು ಪಟ್ಟು ಹಿಡಿದು ಕೇಳುವುದು ಬೇರೆಯಾಗುವುದಕ್ಕಿಂತ ಹೆಚ್ಚು ಕಷ್ಟದ ಕೆಲಸ, ಹೆಚ್ಚು ಫಲದ ಕೆಲಸ ಎಂಬುದು ನನ್ನ ಅಭಿಪ್ರಾಯ.

ಪ್ರಶ್ನೆ: ನಾಯಕರೇ ಸಹಿ ಹಾಕಿದ ಒಪ್ಪಂದಗಳು ಏಕೆ ಮುರಿದುಬೀಳುತ್ತವೆ? (ಸಂಶೋಧನಾ ವಿದ್ಯಾರ್ಥಿನಿ, ಧಾರವಾಡ)

ಉತ್ತರ: ಎದುರಾಳಿ ಮುರಿಯುವುದಕ್ಕಿಂತ ಹೆಚ್ಚಾಗಿ ತನ್ನವರೇ ಮುರಿಸುತ್ತಾರೆ. ಶ್ರೀಲಂಕಾದಲ್ಲಿ 1956ರಲ್ಲಿ ಸಿಂಹಳವೊಂದೇ ಆಡಳಿತ ಭಾಷೆ ಎಂಬ ಕಾನೂನು ಮಾಡಿದ ಪ್ರಧಾನಿ ಬಂಡಾರನಾಯಕೆ ಅವರೇ, ಮರುವರ್ಷ ತಮಿಳು ನಾಯಕ ಚೆಲ್ವನಾಯಗಂ ಅವರೊಡನೆ ಒಪ್ಪಂದ ಮಾಡಿಕೊಂಡರು. ತಮಿಳು ಪ್ರದೇಶಗಳಿಗೆ ಪ್ರಾದೇಶಿಕ ಮಂಡಳಿ, ಅಲ್ಲಿ ತಮಿಳಿನಲ್ಲಿ ಆಡಳಿತ ಎಂದು ಅದರಲ್ಲಿತ್ತು. ಅದು ನಡೆದಿದ್ದರೆ ದ್ವೀಪದ ಚರಿತ್ರೆಯೇ ಬೇರೆಯಾಗುತ್ತಿತ್ತು ಎಂದು ನಾನು ನಂಬುತ್ತೇನೆ. 1958ರಲ್ಲಿ ಭಿಕ್ಷುಗಳು ಅವರ ಮನೆಯ ಮುಂದೆ ಧರಣಿ ಕುಳಿತರು. ಅವರು ಅಂಜಿ ಒಪ್ಪಂದವನ್ನು ಕೈಬಿಟ್ಟರು. ಮುಂದಿನ ವರ್ಷ ಅವರನ್ನು ಕೊಂದವನೂ ತಮಿಳನಲ್ಲ, ಒಬ್ಬ ಬೌದ್ಧ ಭಿಕ್ಷು. 1983ರಿಂದ 2009ರವರೆಗಿನ ಯುದ್ಧದ ಬೀಜ ಆ ಹಿಂಜರಿಕೆಯಲ್ಲಿತ್ತು.

ಇದರ ಪಕ್ಕದಲ್ಲಿ ಉತ್ತರ ಐರ್ಲೆಂಡನ್ನು ಇಟ್ಟು ನೋಡಿರಿ. ಬ್ರಿಟನ್ನಿನಲ್ಲೇ ಉಳಿಯಬೇಕೆಂಬ ಪ್ರೊಟೆಸ್ಟಂಟರು ಮತ್ತು ಐರ್ಲೆಂಡನ್ನು ಸೇರಬೇಕೆಂಬ ಕ್ಯಾಥೊಲಿಕರ ನಡುವಿನ ಕಾದಾಟದಲ್ಲಿ ಮೂವತ್ತು ವರ್ಷಗಳಲ್ಲಿ 3,500ಕ್ಕೂ ಹೆಚ್ಚು ಜನ ಸತ್ತ ಮೇಲೆ 1998ರ ಏಪ್ರಿಲ್ 10ರಂದು ಒಪ್ಪಂದವಾಯಿತು. ನಾಯಕರು ಅದನ್ನು ಜೇಬಿನಲ್ಲಿಟ್ಟುಕೊಳ್ಳದೆ ಜನರ ಮುಂದಿಟ್ಟರು. ಮೇ 22ರ ಜನಮತದಲ್ಲಿ ಅಲ್ಲಿ ಮತ ಹಾಕಿದವರಲ್ಲಿ ಶೇ. 71ರಷ್ಟು ಜನ ಒಪ್ಪಿದರು. ಆಗಸ್ಟ್ 15ರಂದು ಒಪ್ಪಂದವನ್ನು ಧಿಕ್ಕರಿಸಿದ ಒಂದು ಗುಂಪು ಓಮಾ ಪಟ್ಟಣದ ಸಂತೆಬೀದಿಯಲ್ಲಿ ಬಾಂಬು ಸಿಡಿಸಿ 29 ಜನರನ್ನು ಕೊಂದಿತು. ಒಪ್ಪಂದ ಮುರಿಯಲಿಲ್ಲ, ಏಕೆಂದರೆ ಅಷ್ಟರಲ್ಲಿ ಅದು ಜನರದಾಗಿತ್ತು. ಒಪ್ಪಂದದ ಪ್ರಕಾರ ಸರಕಾರದ ಮುಖ್ಯಸ್ಥರು ಇಬ್ಬರು, ಎರಡು ಕಡೆಯಿಂದ ಒಬ್ಬೊಬ್ಬರು, ಒಬ್ಬರು ರಾಜೀನಾಮೆ ಕೊಟ್ಟರೆ ಇನ್ನೊಬ್ಬರೂ ಉಳಿಯುವಂತಿಲ್ಲ. ಒಪ್ಪಂದವನ್ನು ಕಟುವಾಗಿ ವಿರೋಧಿಸಿದ್ದ ಪಾದ್ರಿ ಇಯಾನ್ ಪೈಸ್ಲಿ ಮತ್ತು ಹಿಂದೆ ಬಂದೂಕಿನ ಸಂಘಟನೆಯಲ್ಲಿದ್ದ ಮಾರ್ಟಿನ್ ಮೆಕ್‌ಗಿನ್ನಿಸ್ 2007ರಲ್ಲಿ ಆ ಎರಡು ಕುರ್ಚಿಗಳಲ್ಲಿ ಕುಳಿತರು. ಬೆಲ್‌ಫಾಸ್ಟ್‌ನಲ್ಲಿ ಎರಡು ಮತದವರ ಓಣಿಗಳ ನಡುವಿನ ಎತ್ತರದ ಗೋಡೆಗಳು ಇನ್ನೂ ಇವೆ. ಹೆಚ್ಚಿನ ಮಕ್ಕಳು ಇನ್ನೂ ಬೇರೆ ಬೇರೆ ಶಾಲೆಗೆ ಹೋಗುತ್ತಾರೆ. ಸರಕಾರ ಹಲವು ಸಲ ವರ್ಷಗಟ್ಟಲೆ ನಿಂತುಹೋಗಿದೆ. ಆದರೂ ಅಲ್ಲಿ 1998ರ ನಂತರ ಹುಟ್ಟಿದವರಿಗೆ ಮಕ್ಕಳಾಗಿವೆ.

ಪ್ರಶ್ನೆ: ನಮ್ಮದು ಕೂಡು ಕುಟುಂಬ. ರಾಜಕೀಯದ ಮಾತಿಗೆ ನನ್ನ ಇಬ್ಬರು ಅಣ್ಣಂದಿರು ಮನೆಯ ವಾಟ್ಸಪ್ ಗುಂಪಿನಲ್ಲಿ ಬೈದಾಡಿಕೊಂಡರು. ದೊಡ್ಡಣ್ಣ ಗುಂಪು ಬಿಟ್ಟು, ಮನೆಗೆ ಬರುವುದನ್ನೂ ಬಿಟ್ಟಿದ್ದಾನೆ. ದೇಶದ ಮಾತು ದೊಡ್ಡವರಿಗಿರಲಿ, ನಾನೇನು ಮಾಡಲಿ? (ಗೃಹಿಣಿ, ಬ್ಯಾಡಗಿ)

ಉತ್ತರ: ತಂಗೀ, ಇಬ್ಬರಲ್ಲಿ ಯಾರು ಸರಿ ಎಂದು ತೀರ್ಮಾನಿಸುವ ಕೆಲಸವನ್ನು ನೀವು ಮಾಡಬೇಡಿರಿ, ಅವರನ್ನು ಒಂದೇ ಅಭಿಪ್ರಾಯಕ್ಕೆ ತರಲೂ ಯತ್ನಿಸಬೇಡಿರಿ. ನಿಮ್ಮ ಮನೆಯಲ್ಲಿ ಹಂಚಿಹೋಗದೆ ಉಳಿದ ಬಾವಿ ಯಾವುದು ಎಂದು ನೋಡಿರಿ. ಪತ್ರದ ಕೊನೆಯಲ್ಲಿ ನೀವೇ ಬರೆದಿದ್ದೀರಿ: ತಾಯಿಯವರನ್ನು ತಿಂಗಳಿಗೊಮ್ಮೆ ಹುಬ್ಬಳ್ಳಿಯ ಡಾಕ್ಟರರಲ್ಲಿಗೆ ಕರೆದೊಯ್ಯುವ ಕೆಲಸ ಮೊದಲು ದೊಡ್ಡಣ್ಣನದಾಗಿತ್ತು, ಈಗ ಚಿಕ್ಕಣ್ಣ ಒಬ್ಬನೇ ಮಾಡುತ್ತಿದ್ದಾನೆ. ಅದನ್ನು ಪಾಳಿ ಮಾಡಿರಿ. ಒಂದು ತಿಂಗಳು ಅವರು, ಒಂದು ತಿಂಗಳು ಇವರು. ಮಾತ್ರೆಯ ಚೀಟಿ ಮತ್ತು ಫೈಲು ತಾಯಿಯ ಕೋಣೆಯಲ್ಲಿರಲಿ. ಇಬ್ಬರೂ ಎದುರು ಬದುರು ಆಗಬೇಕೆಂದಿಲ್ಲ, ಫೈಲು ಜಾಗಕ್ಕೆ ಮರಳಿದರೆ ಸಾಕು.

ಚಿಕ್ಕಣ್ಣನ ಹತ್ತಿರ ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳಿರಿ. ತನ್ನ ಪಕ್ಷವನ್ನು ಹೊಗಳುವ ಎಷ್ಟು ಸಂದೇಶಗಳನ್ನಾದರೂ ಹಾಕಲಿ, ಆದರೆ ಆ ಕಡೆಯವರನ್ನೆಲ್ಲ ದ್ರೋಹಿಗಳೆಂದೋ ಹುಳುಗಳೆಂದೋ ಕರೆಯುವ ಸಂದೇಶವನ್ನು ಮನೆಯ ಗುಂಪಿಗೆ ಕಳಿಸುವುದು ಬೇಡ, ಏಕೆಂದರೆ ‘ಆ ಕಡೆಯವರು’ ಎಂಬುದರಲ್ಲಿ ಅಣ್ಣನೂ ಇದ್ದಾನೆ. ದೊಡ್ಡಣ್ಣನಿಗೆ ಗುಂಪಿನಲ್ಲಿ ಬರೆಯದೆ ನೀವೇ ಫೋನ್ ಮಾಡಿರಿ, ರಾಜಕೀಯ ಎತ್ತದೆ ಮೆಣಸಿನ ಅಗಿಯ ಮಾತು, ಮಳೆಯ ಮಾತು ಆಡಿರಿ. ಈ ಸಂಚಿಕೆ ನಿಮ್ಮ ಕೈ ಸೇರುವ ಹೊತ್ತಿಗೆ ಕಾರಹುಣ್ಣಿಮೆ ಹತ್ತಿರ ಬಂದಿರುತ್ತದೆ. ಎತ್ತುಗಳು ಇನ್ನೂ ಹಳೆಯ ಮನೆಯ ಕೊಟ್ಟಿಗೆಯಲ್ಲೇ ಇವೆ ಎಂದು ಬರೆದಿದ್ದೀರಿ. ಅವುಗಳ ಕೊಂಬಿಗೆ ಬಣ್ಣ ಬಳಿಯುವುದು ಯಾವಾಗಲೂ ದೊಡ್ಡಣ್ಣನ ಕೈಕೆಲಸವೆಂದೂ ಬರೆದಿದ್ದೀರಿ. ಈ ವರ್ಷ ಬಣ್ಣವನ್ನು ನೀವು ತಂದಿಟ್ಟು, ಅವರಿಗೆ ಹೇಳಿಕಳಿಸಿರಿ.